ಓದುಗರ ಪ್ರಶ್ನೆ, ತಜ್ಞರ ಉತ್ತರ: ಹದಿನಾಲ್ಕನೇ ದಿನ ಎಲ್ಲರಿಗೂ ಒಂದೇ ಅಲ್ಲ

ಮುಟ್ಟು, ಹಾರ್ಮೋನು, ಮಗು ಬೇಕು, ಮಗು ಸದ್ಯಕ್ಕೆ ಬೇಡ ಎಂದು ಬಂದ ಪತ್ರಗಳನ್ನು ಈ ತಿಂಗಳು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಓದುತ್ತಾ ಹೋದಂತೆ ಒಂದು ವಿಷಯ ಎದ್ದು ಕಂಡಿತು. ಇವುಗಳಲ್ಲಿ ಮದ್ದು ತಪ್ಪಿದ್ದು ಕಡಿಮೆ, ದಿನ ತಪ್ಪಿದ್ದೇ ಹೆಚ್ಚು. ಬೇಕಾದ ರಕ್ತಪರೀಕ್ಷೆಯನ್ನೇ ಬೇಡದ ದಿನ ಮಾಡಿಸಿದವರಿದ್ದಾರೆ. ಸರಿಯಾದ ಗುಳಿಗೆಯನ್ನೇ ಎರಡು ದಿನ ತಡವಾಗಿ ನುಂಗಿದವರಿದ್ದಾರೆ. ಹಾಗಾಗಿ ಉತ್ತರಗಳಲ್ಲಿ ತಾರೀಕಿನ ಲೆಕ್ಕ ಸ್ವಲ್ಪ ಜಾಸ್ತಿಯೇ ಇದೆ. ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ಓದಿ. ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನನಗೆ 29. ಮದುವೆಯಾಗಿ ಎರಡೂವರೆ ವರ್ಷ. ಗಂಡ ಕುವೈಟಿನಲ್ಲಿ, ವರ್ಷಕ್ಕೊಮ್ಮೆ 30 ದಿನ ರಜೆ. ಮದುವೆಯ ಹೊತ್ತಿಗೆ ಮಗು ಬೇಡವೆಂದು ಜಾಗ್ರತೆ ಮಾಡಿದ್ದೆವು. ಆಮೇಲಿನ ಎರಡು ರಜೆಯಲ್ಲೂ ಪ್ರಯತ್ನಪಟ್ಟೆವು, ನಿಲ್ಲಲಿಲ್ಲ. ನನ್ನ ಮುಟ್ಟು 33-35 ದಿನಕ್ಕೊಮ್ಮೆ. ಮೊದಲ ರಜೆಯಲ್ಲಿ ಅವರು ಬಂದದ್ದು ನನ್ನ 21ನೇ ದಿನ. ಎರಡನೆಯ ಸಲ 3ನೇ ದಿನ ಬಂದರು, 12ರಿಂದ 14ನೇ ದಿನದವರೆಗೆ ಸೇರಿದ್ದೆವು, ಮತ್ತೆ ನಾದಿನಿಯ ಮದುವೆ ಓಡಾಟ. ಅತ್ತೆ ಟೆಸ್ಟ್‌ಟ್ಯೂಬ್ ಮಾಡಿಸಿ ಎನ್ನುತ್ತಿದ್ದಾರೆ. – ಸುರತ್ಕಲ್

ಉತ್ತರ: ಎರಡೂವರೆ ವರ್ಷ ಎನ್ನುವುದು ಮದುವೆಯ ಲೆಕ್ಕ. ಗರ್ಭದ ಲೆಕ್ಕಕ್ಕೆ ಬರುವುದು ಎರಡು ರಜೆ ಮಾತ್ರ, ಅಂದರೆ ಎರಡು ಅಂಡಾಣು. ನೀವು ಕೊಟ್ಟ ತಾರೀಕುಗಳ ಪ್ರಕಾರ ಆ ಎರಡೂ ಹೆಚ್ಚುಕಡಿಮೆ ಕೈತಪ್ಪಿವೆ.

ಮುಟ್ಟಾದ ಮೊದಲ ದಿನವನ್ನು 1 ಎಂದು ಎಣಿಸಿ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಎಂಬ ಹಾರ್ಮೋನು ಬಿಡುತ್ತದೆ. ಅದರಿಂದ ಅಂಡಾಶಯದಲ್ಲಿ ಫಾಲಿಕಲ್ ಎಂಬ ನೀರುಗುಳ್ಳೆ ಬೆಳೆಯುತ್ತದೆ, ಬೆಳೆಯುತ್ತಾ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಸುರಿಸುತ್ತದೆ. ಈಸ್ಟ್ರೋಜನ್ ಒಂದು ಮಟ್ಟ ದಾಟಿ ಸುಮಾರು ಎರಡು ದಿನ ಹಾಗೇ ನಿಂತರೆ ಪಿಟ್ಯುಟರಿ ಒಮ್ಮೆಲೇ ಇನ್ನೊಂದು ಹಾರ್ಮೋನಾದ ಎಲ್‌ಎಚ್ ಚಿಮ್ಮಿಸುತ್ತದೆ. ಎಲ್‌ಎಚ್ ಏರತೊಡಗಿ 34-36 ಗಂಟೆಗೆ ಗುಳ್ಳೆ ಒಡೆದು ಅಂಡಾಣು ಹೊರಬೀಳುತ್ತದೆ. ಒಡೆದ ಜಾಗ ಹಳದಿ ಗಂಟಾಗಿ, ಗರ್ಭಕೋಶದ ಒಳಪದರವನ್ನು ಹಿಡಿದಿಡುವ ಪ್ರೊಜೆಸ್ಟರಾನ್ ಹಾರ್ಮೋನು ತಯಾರಿಸುತ್ತದೆ. ಈ ಗಂಟಿನ ಆಯುಸ್ಸು 12ರಿಂದ 14 ದಿನ. ಗರ್ಭ ನಿಲ್ಲದಿದ್ದರೆ ಅದು ಕುಗ್ಗುತ್ತದೆ, ಪ್ರೊಜೆಸ್ಟರಾನ್ ಇಳಿಯುತ್ತದೆ, ಮುಟ್ಟಾಗುತ್ತದೆ. ಈ ಎರಡನೆಯ ಅರ್ಧ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ಹಿಗ್ಗುವುದು, ಕುಗ್ಗುವುದು ಮೊದಲರ್ಧ. ಆದ್ದರಿಂದ ಅಂಡಾಣು ಬಿಡುವ ದಿನವನ್ನು ಮುಂದಿನ ಮುಟ್ಟಿನಿಂದ ಹಿಂದಕ್ಕೆ 14 ಎಣಿಸಿ ಹಿಡಿಯಬೇಕು. 28 ದಿನದವರಿಗೆ ಅದು 14ನೇ ದಿನವೇ ಆಗುತ್ತದೆ. 34 ದಿನದ ನಿಮಗೆ ಸುಮಾರು 20ನೇ ದಿನ.

ಈಗ ಮೊದಲ ರಜೆ ನೋಡಿ. ಅವರು ಬಂದದ್ದು 21ನೇ ದಿನ, ಅಂಡಾಣು ಹೋದ ಮರುದಿನ. 30 ದಿನ ಮುಗಿದು ವಿಮಾನ ಹತ್ತಿದ್ದು ಮುಂದಿನ ಚಕ್ರದ 16ರ ಹೊತ್ತಿಗೆ, ಮುಂದಿನ ಅಂಡಾಣುವಿಗೆ ನಾಲ್ಕು ದಿನ ಮೊದಲು, ಫಲಿಸುವ ದಿನಗಳು ಆಗಷ್ಟೇ ಶುರುವಾಗಿದ್ದಾಗ. ಎರಡನೆಯ ರಜೆಯಲ್ಲಿ 12ರಿಂದ 14. ವೀರ್ಯಾಣು ಹೆಣ್ಣಿನ ದೇಹದಲ್ಲಿ ಹೆಚ್ಚೆಂದರೆ ಐದು ದಿನ ಬದುಕುತ್ತದೆ, ಅಂಡಾಣು 12ರಿಂದ 24 ಗಂಟೆ. ಹಾಗಾಗಿ ಫಲಿಸುವ ದಿನಗಳು ಒಟ್ಟು ಆರು: ಅಂಡಾಣು ಬಿಡುವ ದಿನ ಮತ್ತು ಅದರ ಹಿಂದಿನ ಐದು. ನಿಮಗೆ ಅವು 15ರಿಂದ 20. ದಿನ ಸರಿಹೊಂದಿದರೂ ಆರೋಗ್ಯವಂತ ಯುವ ದಂಪತಿಗೆ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನಾಲ್ಕೈದರಲ್ಲಿ ಒಂದು. ಎರಡು ಸಲ ತಪ್ಪಿದ್ದಕ್ಕೆ ಬಂಜೆತನ ಎಂಬ ಹೆಸರಿಡಲು ಬರುವುದಿಲ್ಲ. 35ರೊಳಗಿನವರು ಒಂದು ವರ್ಷ ಬಿಡದೆ ಜೊತೆಗಿದ್ದೂ ಆಗದಿದ್ದರೆ ಆ ಮಾತು, 35 ದಾಟಿದವರಿಗೆ ಆರು ತಿಂಗಳು. ಈ ವಾಕ್ಯವನ್ನು ಅತ್ತೆಯವರಿಗೂ ಓದಿ ಹೇಳಿ.

ಮುಂದಿನ ಸಲ ಟಿಕೆಟ್ ಮಾಡುವ ಮೊದಲು ಕ್ಯಾಲೆಂಡರ್ ನೋಡಿ. ಅವರು ನಿಮ್ಮ 8ರಿಂದ 12ನೇ ದಿನದೊಳಗೆ ಮನೆ ಸೇರುವ ಹಾಗಿರಲಿ. 13ನೇ ದಿನದಿಂದ 22ರವರೆಗೆ ದಿನ ಬಿಟ್ಟು ದಿನ ಸೇರಿದರೆ ಸಾಕು. ಜೊತೆಗೆ ಔಷಧ ಅಂಗಡಿಯಲ್ಲಿ ಸಿಗುವ ಎಲ್‌ಎಚ್ ಪಟ್ಟಿಯಲ್ಲಿ 14ನೇ ದಿನದಿಂದ ಮೂತ್ರ ಪರೀಕ್ಷಿಸಿ. ಇದಕ್ಕೆ ಬೆಳಗಿನ ಮೊದಲ ಮೂತ್ರಕ್ಕಿಂತ ಮಧ್ಯಾಹ್ನದ್ದು ಒಳ್ಳೆಯದು. ಅದಕ್ಕೆ ಮೊದಲು ಎರಡು ಗಂಟೆ ನೀರು, ಎಳನೀರು ಕಡಿಮೆ ಮಾಡಿ. ಪರೀಕ್ಷೆಯ ಗೆರೆ ಪಕ್ಕದ ಗೆರೆಯಷ್ಟೇ ಗಾಢವಾಗಿದ್ದರೆ ಮಾತ್ರ ಬಂತೆಂದು ಲೆಕ್ಕ. ಮಸುಕು ಗೆರೆ ಲೆಕ್ಕಕ್ಕಿಲ್ಲ. ಅಂದು ಮತ್ತು ಮರುದಿನ ತಪ್ಪಿಸಬೇಡಿ. ಪಿಸಿಓಎಸ್ (ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳು ತುಂಬಿ ಅಂಡಾಣು ಸರಿಯಾಗಿ ಬಿಡದಿರುವ ತೊಂದರೆ) ಇದ್ದವರಲ್ಲಿ ಎಲ್‌ಎಚ್ ಯಾವಾಗಲೂ ಮೇಲೆಯೇ ಇರಬಹುದಾದ್ದರಿಂದ ಈ ಪಟ್ಟಿಯನ್ನು ನಂಬುವ ಹಾಗಿಲ್ಲ.

ಅವರು ಇಲ್ಲದಿರುವಾಗ ಮಾಡಬಹುದಾದ ಕೆಲಸ ಬಹಳ ಇದೆ. ಫೋಲಿಕ್ ಆಮ್ಲ ದಿನಕ್ಕೆ 400 ಮೈಕ್ರೋಗ್ರಾಂ ಈಗಲೇ ಶುರುಮಾಡಿ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ರುಬೆಲ್ಲಾ ಸೋಂಕಿನ ವಿರುದ್ಧ ರಕ್ಷಣೆ ಇದೆಯೇ ಎಂದು ನೋಡಿಸಿ. ಅಂಡಾಣು ಬಿಡುತ್ತಿದೆಯೇ ಎಂದು ತಿಳಿಯಲು ಪ್ರೊಜೆಸ್ಟರಾನ್ ಪರೀಕ್ಷೆ ಬರೆದುಕೊಡುತ್ತಾರೆ, ಚೀಟಿಯಲ್ಲಿ ‘21ನೇ ದಿನ’ ಎಂದಿರುತ್ತದೆ. ಅದು 28 ದಿನದವರ ಲೆಕ್ಕ. ನಿಮಗೆ 27ನೇ ದಿನ ಮಾಡಿಸಬೇಕು, ಮುಂದಿನ ಮುಟ್ಟಿಗೆ ಏಳು ದಿನ ಮೊದಲು. ಮಿಲಿಲೀಟರಿಗೆ 3 ನ್ಯಾನೋಗ್ರಾಂ ದಾಟಿದ್ದರೆ ಅಂಡಾಣು ಬಿಟ್ಟಿದೆ ಎಂದು ಅರ್ಥ. 21ನೇ ದಿನವೇ ಮಾಡಿಸಿ ‘ಕಡಿಮೆ’ ಎಂಬ ವರದಿ ಹಿಡಿದುಕೊಂಡು ಬೇಡದ ಚಿಕಿತ್ಸೆಗೆ ಹೋಗುವವರು ಬಹಳ.

ಗಂಡನ ವೀರ್ಯ ಪರೀಕ್ಷೆಯೂ ಆಗಲಿ. ಎರಡರಿಂದ ಏಳು ದಿನದ ಅಂತರವಿಟ್ಟು ಮಾದರಿ ಕೊಡಬೇಕು. ತಿಂಗಳುಗಟ್ಟಲೆ ಅಂತರದ ಮಾದರಿಯಲ್ಲಿ ಹಳೆಯ ವೀರ್ಯಾಣು ತುಂಬಿ ಚಲನೆ ಕಡಿಮೆ ಕಾಣುತ್ತದೆ. ರಜೆ ಮತ್ತು ದಿನ ಹೊಂದುವುದೇ ಇಲ್ಲವೆಂದಾದರೆ, ಹೊರಡುವ ಮೊದಲು ವೀರ್ಯವನ್ನು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಶೇಖರಿಸಿಟ್ಟು, ನಿಮ್ಮ ಅಂಡಾಣು ಬಿಡುವ ದಿನ ಗರ್ಭಕೋಶಕ್ಕೆ ಬಿಡುವ ಐಯುಐ ದಾರಿ ಇದೆ. ಬರಹದಲ್ಲಿ ಒಪ್ಪಿಗೆ ಬೇಕಾಗುತ್ತದೆ. ಹೆಪ್ಪುಗಟ್ಟಿಸಿ ಕರಗಿಸಿದಾಗ ಒಂದಷ್ಟು ವೀರ್ಯಾಣು ನಷ್ಟವಾಗುತ್ತವೆ. ಹಾಗಾಗಿ ಒಂದಕ್ಕಿಂತ ಹೆಚ್ಚು ಮಾದರಿ ಇಟ್ಟುಹೋಗುವುದು ಲೇಸು.

ಪ್ರಶ್ನೆ: ಕುಟುಂಬದ ದೈವದ ನೇಮಕ್ಕೆಂದು ಮುಟ್ಟು ಮುಂದೂಡುವ ಗುಳಿಗೆ ತೆಗೆದುಕೊಂಡೆ. ಮುಟ್ಟಿನ ದಿನದ ಹಿಂದಿನ ರಾತ್ರಿಯಿಂದ ನುಂಗಿದರೂ ಬೆಳಿಗ್ಗೆಯೇ ಆಗಿಬಿಟ್ಟೆ. ಗುಳಿಗೆ ನಕಲಿಯೇ? – ಕಾಪು

ಉತ್ತರ: ನಕಲಿ ಎನ್ನಲು ಕಾರಣವಿಲ್ಲ, ತಡವಾಗಿದೆ ಅಷ್ಟೆ. ಮೇಲೆ ಹೇಳಿದ ಹಳದಿ ಗಂಟು ಕುಗ್ಗಿ ಪ್ರೊಜೆಸ್ಟರಾನ್ ಇಳಿಯತೊಡಗುವುದು ಮುಟ್ಟಿಗೆ ಎರಡು ಮೂರು ದಿನ ಮೊದಲೇ. ಆ ಇಳಿತಕ್ಕೆ ಗರ್ಭಕೋಶದ ಒಳಪದರದ ರಕ್ತನಾಳಗಳು ಬಿಗಿದು, ಪದರ ಸಡಿಲಾಗತೊಡಗಿದ ಮೇಲೆ ಹೊರಗಿನಿಂದ ಎಷ್ಟು ಹಾರ್ಮೋನು ಕೊಟ್ಟರೂ ಹಿಂದಕ್ಕೆ ಹೋಗುವುದಿಲ್ಲ. ಅಂಗಡಿಯವರು ಕೊಡುವುದು ಸಾಮಾನ್ಯವಾಗಿ ನಾರ್‌ಎಥಿಸ್ಟೆರಾನ್ 5 ಮಿ.ಗ್ರಾಂ. ಅದು ಪ್ರೊಜೆಸ್ಟರಾನಿನ ಜಾಗದಲ್ಲಿ ನಿಂತು ಪದರವನ್ನು ಹಿಡಿದಿಡುತ್ತದೆ, ಬಿದ್ದದ್ದನ್ನು ಎತ್ತಿ ನಿಲ್ಲಿಸುವುದಿಲ್ಲ.

ಮುಟ್ಟು ನಿರೀಕ್ಷಿಸುವ ದಿನಕ್ಕೆ ಕನಿಷ್ಠ ಮೂರು ದಿನ ಮೊದಲೇ ಶುರುಮಾಡಬೇಕು. ದಿನಕ್ಕೆ ಮೂರು, ಎಂಟು ಗಂಟೆಗೊಂದು. ನೇಮದ ರಾತ್ರಿ ನಿದ್ದೆಗೆಟ್ಟು ಒಂದು ಹೊತ್ತು ಮರೆತರೂ ಚುಕ್ಕೆ ಚುಕ್ಕೆ ರಕ್ತ ಕಾಣಬಹುದು, ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. ಮುಟ್ಟು ಯಾವಾಗಲೂ ಹಿಂದೆ ಮುಂದೆ ಆಗುವವರಿಗೆ ‘ಮೂರು ದಿನ ಮೊದಲು’ ಎಂಬುದೇ ಗೊತ್ತಾಗುವುದಿಲ್ಲ. ಅಂಥವರು ಒಂದು ತಿಂಗಳು ಮುಂಚೆಯೇ ವೈದ್ಯರನ್ನು ಕಾಣಬೇಕು.

ಇದನ್ನು ಗರ್ಭನಿರೋಧಕ ಎಂದು ತಿಳಿಯಬೇಡಿ. ನಿಲ್ಲಿಸಿ ವಾರವಾದರೂ ಮುಟ್ಟಾಗದಿದ್ದರೆ ಗರ್ಭ ಪರೀಕ್ಷೆ ಮಾಡಿ. ಈ ಗುಳಿಗೆಯ ಸಣ್ಣ ಪಾಲು ದೇಹದಲ್ಲಿ ಈಸ್ಟ್ರೋಜನ್ ಜಾತಿಯ ಹಾರ್ಮೋನಾಗಿ ಬದಲಾಗುತ್ತದೆ. ಆದಕಾರಣ ಕಾಲಿನಲ್ಲಿ, ಶ್ವಾಸಕೋಶದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದವರು, ಪಾರ್ಶ್ವವಾಯು ಆದವರು, ಸ್ತನ ಕ್ಯಾನ್ಸರ್ ಇದ್ದವರು, ಪಿತ್ತಜನಕಾಂಗದ ಕಾಯಿಲೆಯವರು, ಕಣ್ಣಿಗೆ ಮಿಂಚು ಕಂಡು ಅರೆತಲೆನೋವು ಬರುವವರು ಮುಟ್ಟಲೇಬಾರದು. ನುಂಗುವ ದಿನಗಳಲ್ಲಿ ಒಂದೇ ಕಾಲಿನ ಮೀನಖಂಡ ಬಾತು ನೋವಾದರೆ ಅಥವಾ ಏಕಾಏಕಿ ಉಸಿರು ಕಟ್ಟಿದರೆ ನೇಮ ಮುಗಿಯಲಿ ಎಂದು ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಈಗಾಗಲೇ ಮಾಲಾ-ಎನ್ ಎಂಬ ನಿತ್ಯದ ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವವರಿಗೆ ಇದರ ಅಗತ್ಯವಿಲ್ಲ. 21 ಬಿಳಿ ಗುಳಿಗೆ ಮುಗಿದ ಮೇಲೆ ಏಳು ಕಬ್ಬಿಣದ ಗುಳಿಗೆ ಬಿಟ್ಟು ಮರುದಿನವೇ ಹೊಸ ಹಾಳೆಯ ಬಿಳಿ ಗುಳಿಗೆ ಶುರುಮಾಡಿದರೆ ಆ ತಿಂಗಳ ಸ್ರಾವ ಬರುವುದಿಲ್ಲ. ಮುಂದೂಡಬೇಕೇ ಬೇಡವೇ ಎಂಬುದು ಮಾತ್ರ ನಿಮ್ಮ ನಿರ್ಧಾರವಾಗಿರಲಿ. ಮನೆಯವರ ಒತ್ತಾಯಕ್ಕೆ ವರ್ಷಕ್ಕೆ ನಾಲ್ಕೈದು ಸಲ ನುಂಗುವ ಹುಡುಗಿಯರ ಪತ್ರಗಳೂ ನಮ್ಮ ಮುಂದಿವೆ. ಅದು ನಮಗೆ ಸರಿಯೆನಿಸುವುದಿಲ್ಲ.

ಪ್ರಶ್ನೆ: ಮಗುವಿಗಾಗಿ ಪರೀಕ್ಷೆ ಮಾಡಿಸಿದಾಗ ಪ್ರೊಲ್ಯಾಕ್ಟಿನ್ 41 ಬಂದಿದೆ. ತಲೆಯ ಸ್ಕ್ಯಾನ್ ಮಾಡಿಸಬೇಕೇ? ಗ್ಯಾಸ್ಟ್ರಿಕ್‌ಗೆ ಒಂದು ಕ್ಯಾಪ್ಸೂಲ್ ಬಿಟ್ಟರೆ ಬೇರೆ ಮದ್ದಿಲ್ಲ. – ಮಲ್ಪೆ

ಉತ್ತರ: ಆ ಕ್ಯಾಪ್ಸೂಲಿನ ಹಾಳೆ ತಿರುಗಿಸಿ ಓದಿ. ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಎಂದಿದ್ದರೆ ಕಾರಣ ಅಲ್ಲೇ ಇರಬಹುದು. ಪ್ರೊಲ್ಯಾಕ್ಟಿನ್ ಎಂದರೆ ಪಿಟ್ಯುಟರಿ ಬಿಡುವ ಎದೆಹಾಲಿನ ಹಾರ್ಮೋನು. ಅದನ್ನು ತಡೆದಿಡುವುದು ಮಿದುಳಿನ ಡೋಪಮಿನ್. ಡೊಂಪೆರಿಡೋನ್ ಆ ಡೋಪಮಿನಿಗೇ ಅಡ್ಡ ನಿಲ್ಲುತ್ತದೆ. ವೈದ್ಯರಿಗೆ ಹೇಳಿ ಕನಿಷ್ಠ ಮೂರು ದಿನ ಬಿಟ್ಟು ಮತ್ತೆ ಪರೀಕ್ಷಿಸಿ. ರಕ್ತ ಕೊಡುವುದು ಎದ್ದು ಎರಡು ಗಂಟೆ ಕಳೆದ ಮೇಲೆ, ಲ್ಯಾಬಿನಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತು. ಬಸ್ಸಿನಿಂದ ಇಳಿದು ಓಡಿಬಂದು ಸೂಜಿ ಚುಚ್ಚಿಸಿಕೊಂಡರೂ ಇದು ಏರುತ್ತದೆ. ಜೊತೆಗೆ ಟಿಎಸ್‌ಎಚ್ ಮಾಡಿಸಿ. ಥೈರಾಯ್ಡ್ ಕಡಿಮೆಯಿದ್ದರೂ ಪ್ರೊಲ್ಯಾಕ್ಟಿನ್ ಮೇಲೇರುತ್ತದೆ, ಥೈರಾಯ್ಡ್ ಸರಿಮಾಡಿದರೆ ತಾನಾಗಿ ಇಳಿಯುತ್ತದೆ. ಇಷ್ಟಾದ ಮೇಲೂ ಮೇಲಿದ್ದರೆ ಸ್ಕ್ಯಾನಿನ ಮಾತು. ಈಗಲೇ ಎದೆಹಾಲು ಒಸರುವುದು, ತಲೆನೋವು, ಬದಿಯ ನೋಟ ಮಂಜಾಗುವುದು ಇದ್ದರೆ ಮಾತ್ರ ಕಾಯಬೇಡಿ.

ಪ್ರಶ್ನೆ: ಪಿಸಿಓಎಸ್‌ಗೆ ಲೆಟ್ರೊಜೋಲ್ ಕೊಟ್ಟಿದ್ದಾರೆ. ಮೊಬೈಲಿನಲ್ಲಿ ನೋಡಿದರೆ ಸ್ತನ ಕ್ಯಾನ್ಸರಿನ ಮದ್ದು ಎಂದಿದೆ. ಹೆದರಿ ನುಂಗಿಲ್ಲ. – ಬಜ್ಪೆ

ಉತ್ತರ: ಎರಡೂ ನಿಜ. ದೇಹದಲ್ಲಿ ಈಸ್ಟ್ರೋಜನ್ ತಯಾರಾಗುವ ಕೊನೆಯ ಮೆಟ್ಟಿಲನ್ನು ಲೆಟ್ರೊಜೋಲ್ ತಡೆಯುತ್ತದೆ. ಕ್ಯಾನ್ಸರಿನಲ್ಲಿ ಅದನ್ನು ದಿನಾ, ವರ್ಷಗಟ್ಟಲೆ ಕೊಡುತ್ತಾರೆ. ನಿಮಗೆ ಐದೇ ದಿನ. ಈಸ್ಟ್ರೋಜನ್ ಸ್ವಲ್ಪ ಇಳಿದದ್ದನ್ನು ಕಂಡ ಮಿದುಳು ‘ಅಂಡಾಶಯ ಕೆಲಸ ಮಾಡುತ್ತಿಲ್ಲ’ ಎಂದು ತಿಳಿದು ಎಫ್‌ಎಸ್‌ಎಚ್ ಹೆಚ್ಚಿಸುತ್ತದೆ, ತಡೆದು ನಿಂತಿದ್ದ ಫಾಲಿಕಲ್ ಒಂದು ಬೆಳೆಯತೊಡಗುತ್ತದೆ. ಮುಟ್ಟಿನ 2 ಅಥವಾ 3ನೇ ದಿನ ಶುರು, ಮೊದಲ ಸಲ ಸಾಮಾನ್ಯವಾಗಿ 2.5 ಮಿ.ಗ್ರಾಂ. ನಿಲ್ಲಿಸಿದ ಮೇಲೆ ರಕ್ತದಲ್ಲಿನ ಮದ್ದು ಸುಮಾರು ಎರಡು ದಿನಕ್ಕೊಮ್ಮೆ ತಾನಾಗಿ ಅರ್ಧಕ್ಕಿಳಿಯುತ್ತಾ ಹೋಗುವುದರಿಂದ ಗರ್ಭ ಕಟ್ಟುವ ಹೊತ್ತಿಗೆ ಬಹುಪಾಲು ದೇಹದಿಂದ ಹೊರಹೋಗಿರುತ್ತದೆ.

ನಿಮ್ಮ ಹೆದರಿಕೆಗೆ ಹಿನ್ನೆಲೆಯೂ ಇದೆ. ಭಾರತದಲ್ಲಿ 2011ರಲ್ಲಿ ಈ ಬಳಕೆಯನ್ನು ನಿಷೇಧಿಸಿದ್ದರು, 2017ರಲ್ಲಿ ನಿಷೇಧ ತೆಗೆದರು. ನಡುವೆ 2014ರಲ್ಲಿ ಪಿಸಿಓಎಸ್ ಇರುವ 750 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ ಪ್ರಕಟವಾಯಿತು. ಹಳೆಯ ಮದ್ದಾದ ಕ್ಲೊಮಿಫೀನಿನಲ್ಲಿ ಶೇ. 19.1 ಮಂದಿಗೆ ಮಗುವಾದರೆ ಲೆಟ್ರೊಜೋಲ್‌ನಲ್ಲಿ ಶೇ. 27.5. ಈಗ ಪಿಸಿಓಎಸ್‌ಗೆ ಮೊದಲ ಆಯ್ಕೆಯೇ ಇದು.

ಆದರೆ ಗುಳಿಗೆ ನುಂಗಿ ಮನೆಯಲ್ಲಿ ಕುಳಿತರೆ ಸಾಲದು. 11-12ನೇ ದಿನದಿಂದ ಸ್ಕ್ಯಾನಿನಲ್ಲಿ ಫಾಲಿಕಲ್ ಅಳತೆ ನೋಡಬೇಕು. 18-20 ಮಿ.ಮೀ. ಆದರೆ ಸಮಯ ಹತ್ತಿರ ಬಂತೆಂದು ಅರ್ಥ. ಒಂದೇ ಸಲ ಮೂರು ನಾಲ್ಕು ಬೆಳೆದಿದ್ದರೆ ಆ ತಿಂಗಳು ಸೇರದಿರುವುದೇ ಕ್ಷೇಮ. ಶುರುಮಾಡುವ ಮೊದಲು ಗರ್ಭವಿಲ್ಲವೆಂದು ಖಚಿತಪಡಿಸಿಕೊಳ್ಳಿ. ತೂಕ ಹೆಚ್ಚಿದ್ದರೆ ನೂರರಲ್ಲಿ ಐದು ಪಾಲು ಇಳಿಸಿದರೂ ಇನ್ಸುಲಿನ್ ತಗ್ಗಿ, ಅದರಿಂದ ಅಂಡಾಶಯದ ಗಂಡು ಹಾರ್ಮೋನು ತಗ್ಗಿ, ಕೆಲವರಿಗೆ ಗುಳಿಗೆಯಿಲ್ಲದೆಯೇ ಅಂಡಾಣು ಬಿಡತೊಡಗುತ್ತದೆ.

ಪ್ರಶ್ನೆ: ವಯಸ್ಸು 27. ಜಿಮ್‌ನಲ್ಲಿ ಹೇಳಿದರೆಂದು 16 ವಾರ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತೆಗೆದುಕೊಂಡೆ. ಮದುವೆಗೆ ಮೊದಲು ಪರೀಕ್ಷಿಸಿದರೆ ವೀರ್ಯಾಣು ಸೊನ್ನೆ! ಗಂಡು ಹಾರ್ಮೋನು ಹೆಚ್ಚಾದರೆ ವೀರ್ಯವೂ ಹೆಚ್ಚಬೇಕಲ್ಲವೇ? – ಕಂಕನಾಡಿ, ಮಂಗಳೂರು

ಉತ್ತರ: ನಿಮ್ಮ ಹಾಗೆ ಯೋಚಿಸುವವರು ಬಹಳ ಮಂದಿ. ಇದನ್ನು ಜಿಮ್‌ಗಳ ಗೋಡೆಯ ಮೇಲೆ ಬರೆದು ಹಾಕಬೇಕೆಂದು ನಮ್ಮ ಆಸೆ: ಹೊರಗಿನ ಟೆಸ್ಟೋಸ್ಟಿರಾನ್ ವೀರ್ಯಾಣುವನ್ನು ನಿಲ್ಲಿಸುತ್ತದೆ.

ವೃಷಣದಲ್ಲಿ ಎರಡು ಬಗೆಯ ಜೀವಕೋಶಗಳು ಕೆಲಸ ಹಂಚಿಕೊಂಡಿವೆ. ಎಲ್‌ಎಚ್ ಬಂದು ಲೇಡಿಗ್ ಕೋಶಗಳನ್ನು ತಟ್ಟಿದರೆ ಅವು ಟೆಸ್ಟೋಸ್ಟಿರಾನ್ ಮಾಡುತ್ತವೆ. ಎಫ್‌ಎಸ್‌ಎಚ್ ಬಂದು ಸರ್ಟೋಲಿ ಕೋಶಗಳನ್ನು ತಟ್ಟಿದರೆ ಅವು ವೀರ್ಯಾಣುಗಳನ್ನು ಸಾಕುತ್ತವೆ. ವೀರ್ಯಾಣು ಬೆಳೆಯಲು ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಟೆಸ್ಟೋಸ್ಟಿರಾನ್ ಬೇಕು. ನೀವು ಸೂಜಿಯಲ್ಲಿ ಹಾಕಿಸಿಕೊಂಡದ್ದು ರಕ್ತದಲ್ಲಿ ತುಂಬಿತು. ಮಿದುಳು ‘ಸಾಕಷ್ಟಿದೆ’ ಎಂದು ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ನಿಲ್ಲಿಸಿತು. ವೃಷಣದ ಒಳಗಿನ ತಯಾರಿ ನಿಂತು ಅಲ್ಲಿನ ಮಟ್ಟ ಪಾತಾಳಕ್ಕಿಳಿಯಿತು. ತೋಳು ದಪ್ಪವಾಗುತ್ತಾ ವೃಷಣ ಸಣ್ಣದಾಗುವುದು ಇದರಿಂದಲೇ. ಇದನ್ನೇ ಗಂಡಸರ ಗರ್ಭನಿರೋಧಕವಾಗಿ ವಿಶ್ವ ಆರೋಗ್ಯ ಸಂಸ್ಥೆ ಪರೀಕ್ಷಿಸಿ ನೋಡಿತ್ತು. 1990ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕೊಟ್ಟದ್ದು ವಾರಕ್ಕೆ 200 ಮಿ.ಗ್ರಾಂ.

ಇಂಜೆಕ್ಷನ್ ಪೂರ್ತಿ ನಿಲ್ಲಿಸಿ. ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ಸುಸ್ತು, ಬೇಸರ, ಕಾಮಾಸಕ್ತಿ ಕಡಿಮೆಯಾಗುವುದು ಇರುತ್ತದೆ. ಆ ಹೊತ್ತಿನಲ್ಲಿ ‘ಇನ್ನೊಂದು ಡೋಸ್’ ಎಂದು ಹಿಂದಕ್ಕೆ ಹೋಗುವವರೇ ಹೆಚ್ಚು, ಮನೆಯವರಿಗೋ ವೈದ್ಯರಿಗೋ ಹೇಳಿಕೊಳ್ಳಿ. ಬೆಳಿಗ್ಗೆ 7ರಿಂದ 10ರೊಳಗೆ ಟೆಸ್ಟೋಸ್ಟಿರಾನ್, ಎಲ್‌ಎಚ್, ಎಫ್‌ಎಸ್‌ಎಚ್ ಪರೀಕ್ಷಿಸಿ. ಎಫ್‌ಎಸ್‌ಎಚ್ ತೀರಾ ಕೆಳಗಿದ್ದರೆ ಇದು ಮುಚ್ಚಿದ ಬಾಗಿಲು, ತೆರೆಯುವ ಸಾಧ್ಯತೆ ಚೆನ್ನಾಗಿದೆ. ಎಫ್‌ಎಸ್‌ಎಚ್ ಮೇಲಿದ್ದರೆ ವೃಷಣದಲ್ಲೇ ಬೇರೆ ತೊಂದರೆಯಿದೆ ಎಂದು ಹುಡುಕಬೇಕು. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಬರಲು ಇನ್ನೊಂದಷ್ಟು. ಮೂರು ತಿಂಗಳೊಳಗೆ ಪದೇ ಪದೇ ಪರೀಕ್ಷಿಸಿ ಮನಸ್ಸು ಕೆಡಿಸಿಕೊಳ್ಳಬೇಡಿ. ಹೆಚ್ಚಿನವರಲ್ಲಿ ಆರರಿಂದ ಹನ್ನೆರಡು ತಿಂಗಳಲ್ಲಿ ಮರಳುತ್ತದೆ, ಕೆಲವರಿಗೆ ಎರಡು ವರ್ಷ. ತಡವಾದರೆ ಎಲ್‌ಎಚ್‌ನಂತೆ ಕೆಲಸ ಮಾಡುವ ಎಚ್‌ಸಿಜಿ ಇಂಜೆಕ್ಷನನ್ನು ವಾರಕ್ಕೆ ಎರಡು ಮೂರು ಸಲ, ಬೇಕಾದರೆ ಎಫ್‌ಎಸ್‌ಎಚ್ ಸೇರಿಸಿ ಕೊಡುತ್ತಾರೆ. ಅದನ್ನೂ ಜಿಮ್‌ನವರಿಂದ ತರಿಸಿಕೊಳ್ಳಬೇಡಿ. ಮದುವೆಯಾಗುವ ಹುಡುಗಿಗೆ ವಿಷಯ ತಿಳಿಸಿ ಎಂದು ಕೇಳಿಕೊಳ್ಳುತ್ತೇವೆ, ಇಲ್ಲದಿದ್ದರೆ ವರ್ಷದೊಳಗೆ ‘ವಿಶೇಷ ಏನಾದರೂ?’ ಎಂಬ ಪ್ರಶ್ನೆ ಅವಳ ಮೇಲೆಯೇ ಬೀಳುತ್ತದೆ.

ಪ್ರಶ್ನೆ: ಮಗುವಿಗೆ ನಾಲ್ಕು ತಿಂಗಳು. ಇನ್ನೂ ಮುಟ್ಟಾಗಿಲ್ಲ. ಎದೆಹಾಲು ಕೊಡುವಾಗ ಗರ್ಭ ನಿಲ್ಲುವುದಿಲ್ಲ ಎಂದು ಅಮ್ಮ ಹೇಳುತ್ತಾರೆ. ರಾತ್ರಿ ಮಾತ್ರ ಬಾಟಲಿ ಹಾಲು ಕೊಡುತ್ತೇವೆ. ಆರೋಗ್ಯ ಕೇಂದ್ರದಲ್ಲಿ ಛಾಯಾ ಅಥವಾ ಅಂತರಾ ಎಂದರು. ಎರಡು ವರ್ಷ ಬಿಟ್ಟು ಇನ್ನೊಂದು ಮಗು ಬೇಕು. – ಕಟಪಾಡಿ

ಉತ್ತರ: ಅಮ್ಮನ ಮಾತು ಮೂರು ಷರತ್ತಿಗೆ ಒಳಪಟ್ಟು ಸರಿ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟಾಗಿರಬಾರದು, ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು. ಹಗಲಲ್ಲಿ ನಾಲ್ಕು ಗಂಟೆ, ರಾತ್ರಿ ಆರು ಗಂಟೆಗಿಂತ ಹೆಚ್ಚು ಅಂತರ ಬೀಳಬಾರದು. ಮಗು ಚೀಪುವಾಗ ಏರುವ ಪ್ರೊಲ್ಯಾಕ್ಟಿನ್, ಅಂಡಾಶಯವನ್ನು ಎಬ್ಬಿಸುವ ಮಿದುಳಿನ ಸಂಕೇತವನ್ನು ಅಡಗಿಸಿಡುತ್ತದೆ. ಪ್ರೊಲ್ಯಾಕ್ಟಿನ್ ಹೆಚ್ಚಿರುವುದೇ ರಾತ್ರಿ. ನೀವು ಬಾಟಲಿ ಕೊಡುತ್ತಿರುವುದೂ ರಾತ್ರಿ. ಆದ್ದರಿಂದ ನಿಮಗೆ ಈ ರಕ್ಷಣೆ ಇಲ್ಲವೆಂದೇ ತಿಳಿಯಿರಿ. ಹೆರಿಗೆಯ ನಂತರದ ಮೊದಲ ಅಂಡಾಣು ಮೊದಲ ಮುಟ್ಟಿಗಿಂತ ಮುಂಚೆಯೇ ಬರಬಹುದು. ಮುಟ್ಟೇ ಆಗದೆ ಮತ್ತೆ ಬಸಿರಾದವರು ಇರುವುದು ಹೀಗೆ.

ಛಾಯಾ ಹಾರ್ಮೋನಲ್ಲ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಸೆಂಟ್‌ಕ್ರೋಮಾನ್, 30 ಮಿ.ಗ್ರಾಂ. 1991ರಿಂದ ಸಹೇಲಿ ಎಂಬ ಹೆಸರಿನಲ್ಲಿ ಅಂಗಡಿಯಲ್ಲಿತ್ತು, ಸರ್ಕಾರದ ಕಾರ್ಯಕ್ರಮಕ್ಕೆ 2016ರಲ್ಲಿ ಬಂದಾಗ ಛಾಯಾ ಆಯಿತು. ಗರ್ಭಕೋಶದಲ್ಲಿ ಈಸ್ಟ್ರೋಜನ್ ಕುಳಿತುಕೊಳ್ಳುವ ಜಾಗವನ್ನು ತಾನು ಹಿಡಿದು, ಒಳಪದರವನ್ನು ಗರ್ಭಕ್ಕೆ ಒಗ್ಗದಂತೆ ಮಾಡುತ್ತದೆ. ಎದೆಹಾಲಿಗೆ ತೊಂದರೆಯಿಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಮೊದಲ ಗುಳಿಗೆ ಭಾನುವಾರ ನುಂಗಿದರೆ ಭಾನುವಾರ-ಬುಧವಾರ, ಸೋಮವಾರವಾದರೆ ಸೋಮ-ಗುರು. ನಾಲ್ಕನೆಯ ತಿಂಗಳಿಂದ ಆ ಮೊದಲ ವಾರ ಮಾತ್ರ. ಎಡವುವುದು ಇಲ್ಲಿಯೇ. ಮೊದಲ ತಿಂಗಳಿಂದಲೇ ವಾರಕ್ಕೊಂದು ನುಂಗಿದರೆ ಮದ್ದಿನ ಮಟ್ಟ ಏರುವುದಿಲ್ಲ. ಒಂದು ಗುಳಿಗೆ ಮರೆತು ಏಳು ದಿನದೊಳಗೆ ನೆನಪಾದರೆ ಕೂಡಲೇ ನುಂಗಿ, ಮುಂದಿನ ಮುಟ್ಟಿನವರೆಗೆ ನಿರೋಧ್ ಬಳಸಿ. ಏಳು ದಿನ ದಾಟಿದ್ದರೆ ಮತ್ತೆ ಮೊದಲಿನಿಂದ, ವಾರಕ್ಕೆರಡರ ಲೆಕ್ಕ. ಶುರುವಿನಲ್ಲಿ ಮುಟ್ಟು ಮುಂದೆ ಹೋಗುವುದುಂಟು. 15 ದಿನಕ್ಕಿಂತ ತಡವಾದರೆ ಗರ್ಭ ಪರೀಕ್ಷೆ ಮಾಡಿ. ಪಿಸಿಓಎಸ್ ಅಥವಾ ಅಂಡಾಶಯದ ಗಡ್ಡೆ ಇರುವವರಿಗೆ, ಇತ್ತೀಚೆಗೆ ಕಾಮಾಲೆ ಆದವರಿಗೆ ಇದು ಬೇಡ.

ಅಂತರಾ ಎಂದರೆ ಡಿಎಂಪಿಎ ಎಂಬ ಹಾರ್ಮೋನು 150 ಮಿ.ಗ್ರಾಂ, ಮೂರು ತಿಂಗಳಿಗೊಂದು ಸೂಜಿ. ಎದೆಹಾಲು ಕೊಡುವವರಿಗೆ ಹೆರಿಗೆಯಾಗಿ ಆರು ವಾರದ ಮೇಲೆ ಕೊಡಬಹುದು. ಇದು ಎಲ್‌ಎಚ್ ಚಿಮ್ಮದಂತೆ ತಡೆಯುತ್ತದೆ. ಚುಚ್ಚಿದ ಜಾಗ ತಿಕ್ಕಬೇಡಿ, ಬಿಸಿನೀರಿನ ಶಾಖ ಕೊಡಬೇಡಿ. ನಮ್ಮಲ್ಲಿ ಬಾಣಂತಿಗೆ ಎಣ್ಣೆ ಹಚ್ಚಿ ತಿಕ್ಕಿ ಬಿಸಿನೀರು ಸುರಿಯುವುದು ರೂಢಿ, ಅಂದು ಆ ಜಾಗ ಬಿಟ್ಟುಬಿಡಲು ಹೇಳಿ. ತಿಕ್ಕಿದರೆ ಮೂರು ತಿಂಗಳು ನಿಧಾನವಾಗಿ ಕರಗಬೇಕಾದ ಮದ್ದು ಬೇಗ ಕರಗುತ್ತದೆ. ಮೊದಮೊದಲು ಚುಕ್ಕೆ ಸ್ರಾವ, ಆಮೇಲೆ ಹಲವರಿಗೆ ಮುಟ್ಟೇ ನಿಲ್ಲುತ್ತದೆ. ‘ಕೆಟ್ಟ ರಕ್ತ ಒಳಗೆ ಉಳಿಯುತ್ತದೆ’ ಎಂದು ಹೆದರಬೇಡಿ. ಒಳಪದರ ಬೆಳೆಯುವುದೇ ಇಲ್ಲ, ಬೀಳಲು ಏನೂ ಇಲ್ಲ. ಆದರೆ ನಿಲ್ಲಿಸಿದ ಮೇಲೆ ಅಂಡಾಣು ಮರಳಲು ಕೊನೆಯ ಸೂಜಿಯಿಂದ ಏಳರಿಂದ ಹತ್ತು ತಿಂಗಳು ಹಿಡಿಯಬಹುದು. ಇನ್ನೊಂದು ಮಗುವಿಗೆ ನೀವು ದಿನ ಗೊತ್ತುಮಾಡಿಕೊಂಡಿರುವುದರಿಂದ ನಮ್ಮ ಒಲವು ಛಾಯಾ ಕಡೆಗೆ. ಗುಳಿಗೆ ನೆನಪಿಡುವುದೇ ಕಷ್ಟವೆಂದಾದರೆ ವಂಕಿ, ಅಂದರೆ ಕಾಪರ್-ಟಿ. ತೆಗೆಸಿದ ತಿಂಗಳಿಂದಲೇ ಗರ್ಭ ನಿಲ್ಲಬಹುದು. ಎದೆಹಾಲು ಕೊಡುವಾಗ ಮಾಲಾ-ಎನ್ ಆರು ತಿಂಗಳವರೆಗೆ ಬೇಡ, ಅದರ ಈಸ್ಟ್ರೋಜನ್ ಹಾಲು ಕಡಿಮೆ ಮಾಡಬಹುದು. ಇವೆಲ್ಲ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ.

ಪ್ರಶ್ನೆ: ಗದ್ದೆ ಕೆಲಸಕ್ಕೆ ಇಳಿಯುವ ಮೊದಲು ಇಲಿಜ್ವರ ಬಾರದಂತೆ ಡಾಕ್ಸಿಸೈಕ್ಲಿನ್ ಕೊಟ್ಟಿದ್ದಾರೆ. ಮಾಲಾ-ಎನ್ ತೆಗೆದುಕೊಳ್ಳುತ್ತಿದ್ದೇನೆ. ಕೆಲಸ ಮಾಡುವುದಿಲ್ಲವಂತೆ, ಹೌದೇ? – ಬ್ರಹ್ಮಾವರ

ಉತ್ತರ: ಇಲ್ಲ, ಎರಡನ್ನೂ ಮುಂದುವರಿಸಿ. ಗರ್ಭನಿರೋಧಕ ಗುಳಿಗೆಯ ಬಲ ಕುಗ್ಗಿಸುವುದು ಕ್ಷಯದ ಮದ್ದಾದ ರಿಫಾಂಪಿಸಿನ್ ಮತ್ತು ಫಿಟ್ಸ್‌ನ ಕಾರ್ಬಮಜೆಪಿನ್, ಫೆನಿಟಾಯಿನ್‌ನಂಥವು. ಡಾಕ್ಸಿಸೈಕ್ಲಿನ್ ಅಲ್ಲ. ಆದರೆ ಖಾಲಿ ಹೊಟ್ಟೆಯಲ್ಲಿ ಅದನ್ನು ನುಂಗಿ, ಮಾಲಾ-ಎನ್ ನುಂಗಿದ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಬಿಳಿ ಗುಳಿಗೆ ನುಂಗಬೇಕು. ಡಾಕ್ಸಿಸೈಕ್ಲಿನನ್ನು ಊಟದ ಮೇಲೆ ತುಂಬ ನೀರಿನೊಂದಿಗೆ ನುಂಗಿ, ಕೂಡಲೇ ಮಲಗಬೇಡಿ. ಮುಟ್ಟು ತಪ್ಪಿ ಗರ್ಭದ ಅನುಮಾನವಿದ್ದರೆ ಮಾತ್ರ ಮೊದಲು ವೈದ್ಯರಿಗೆ ತಿಳಿಸಿ.

ಪ್ರಶ್ನೆ: ಒಂದೇ ತಿಂಗಳಲ್ಲಿ ಮೂರು ಸಲ ತುರ್ತು ಗರ್ಭನಿರೋಧಕ ಗುಳಿಗೆ ತೆಗೆದುಕೊಂಡೆ. ಮುಂದೆ ಮಗುವಾಗುವುದಿಲ್ಲವೇ? ಇದು ಗರ್ಭಪಾತದ ಗುಳಿಗೆಯೇ? – ಮಣಿಪಾಲ

ಉತ್ತರ: ಮಗುವಾಗುತ್ತದೆ, ಆ ಹೆದರಿಕೆ ಬಿಡಿ. ಗರ್ಭಪಾತದ ಗುಳಿಗೆ ಬೇರೆ, ಅದು ವೈದ್ಯರ ಮೇಲ್ವಿಚಾರಣೆಯಲ್ಲೇ ಆಗಬೇಕಾದ್ದು. ತುರ್ತು ಗುಳಿಗೆಯಲ್ಲಿರುವುದು ಲಿವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ. ಎಲ್‌ಎಚ್ ಚಿಮ್ಮುವ ಮೊದಲು ನುಂಗಿದರೆ ಅದು ಚಿಮ್ಮುವುದನ್ನು ತಡೆದು ಅಂಡಾಣು ಬಿಡುವುದನ್ನು ಮುಂದೂಡುತ್ತದೆ. ಚಿಮ್ಮಿದ ಮೇಲೆ ನುಂಗಿದರೆ ಏನೂ ಮಾಡಲಾರದು. 72 ಗಂಟೆ ಎಂದು ಹಾಳೆಯ ಮೇಲಿದ್ದರೂ ಮೊದಲ ದಿನವೇ ನುಂಗಬೇಕೆನ್ನುವುದು ಇದಕ್ಕೇ. ಅಂಡಾಣು ಮುಂದೂಡಿದೆ ಎಂದರೆ ಕೆಲವು ದಿನ ಬಿಟ್ಟು ಬರುತ್ತದೆ ಎಂದರ್ಥ, ಆಗ ರಕ್ಷಣೆಯಿಲ್ಲದೆ ಸೇರಿದರೆ ಹಿಂದಿನ ಗುಳಿಗೆ ಕಾಯುವುದಿಲ್ಲ.

ಒಂದು ತುರ್ತು ಗುಳಿಗೆಯಲ್ಲಿ ಮಾಲಾ-ಎನ್‌ನ ಹತ್ತು ಬಿಳಿ ಗುಳಿಗೆಯಷ್ಟು ಲಿವೊನಾರ್ಜೆಸ್ಟ್ರೆಲ್ ಇದೆ. ಮೂರು ಎಂದರೆ ಮೂವತ್ತರಷ್ಟು. ಮುಟ್ಟು ಅಡ್ಡಾದಿಡ್ಡಿ ಆಗುವುದು ಅದರಿಂದ. ಅಷ್ಟು ನುಂಗಿಯೂ ನಿತ್ಯದ ಗುಳಿಗೆ ಕೊಡುವ ರಕ್ಷಣೆ ಸಿಗುವುದಿಲ್ಲ. ಮುಟ್ಟು ಏಳು ದಿನಕ್ಕಿಂತ ತಡವಾದರೆ ಪರೀಕ್ಷಿಸಿ. ಇನ್ನು ಮೇಲೆ ಕಾಂಡೋಮ್ ತಪ್ಪಿಸಬೇಡಿ, ಸೋಂಕಿನಿಂದ ಕಾಯುವುದು ಅದೊಂದೇ. ಜೊತೆಗೆ ನಿತ್ಯದ ವಿಧಾನವೊಂದನ್ನು ವೈದ್ಯರ ಬಳಿ ಆರಿಸಿಕೊಳ್ಳಿ. ಹದಿನೆಂಟು ದಾಟಿದ ಹೆಣ್ಣುಮಗಳು ಇದನ್ನು ಕೇಳಲು ಯಾರ ಒಪ್ಪಿಗೆಯೂ ಬೇಡ.

ಪ್ರಶ್ನೆ: ಐಯುಐ ಮಾಡಿಸಿದ ಐದನೇ ದಿನ ಗರ್ಭ ಪರೀಕ್ಷೆಯ ಕಾರ್ಡಿನಲ್ಲಿ ಎರಡು ಗೆರೆ ಬಂತು. ಎಲ್ಲರಿಗೂ ಹೇಳಿದೆವು. ಹದಿನಾಲ್ಕನೇ ದಿನ ಮುಟ್ಟಾಯಿತು. ಗರ್ಭ ಜಾರಿತೇ? – ಉಳ್ಳಾಲ

ಉತ್ತರ: ನಿಮ್ಮ ದುಃಖ ಅರ್ಥವಾಗುತ್ತದೆ. ಆದರೆ ಅಂದು ಕಂಡದ್ದು ಬಹುಮಟ್ಟಿಗೆ ಗರ್ಭದ ಗೆರೆಯಲ್ಲ. ಅಂಡಾಣು ಬಿಡಿಸಲು ಕೊಟ್ಟ ಇಂಜೆಕ್ಷನ್ ಎಚ್‌ಸಿಜಿ, 5000 ಅಥವಾ 10,000 ಯೂನಿಟ್ ಎಂದು ನಿಮ್ಮ ಚೀಟಿಯಲ್ಲಿರಬಹುದು. ಕಾರ್ಡು ಹುಡುಕುವುದೂ ಅದನ್ನೇ. ಅದು ದೇಹದಿಂದ ಪೂರ್ತಿ ಹೋಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಐದನೇ ದಿನ ಗರ್ಭ ಕಟ್ಟಿದ್ದರೂ ಗೋಡೆಗೆ ಅಂಟಿ ಎಚ್‌ಸಿಜಿ ಮಾಡತೊಡಗುವಷ್ಟು ಸಮಯವೇ ಆಗಿರುವುದಿಲ್ಲ. ಮುಂದಿನ ಸಲ ಇಂಜೆಕ್ಷನ್ ಆಗಿ 16 ದಿನ ಕಾದು ನೋಡಿ, ಅಷ್ಟರವರೆಗೆ ಮನೆಯಲ್ಲಿ ಕಾರ್ಡೇ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ವಯಸ್ಸು 47, ಐದು ತಿಂಗಳಿಂದ ಮುಟ್ಟಿಲ್ಲ. ಎಫ್‌ಎಸ್‌ಎಚ್ ಜಾಸ್ತಿ ಇದೆ, ಮುಟ್ಟು ನಿಂತಿತು ಎಂದರು. ಇನ್ನು ಜಾಗ್ರತೆ ಬೇಡವಲ್ಲ? – ಕುಂದಾಪುರ

ಉತ್ತರ: ಬೇಕು. ಈ ವಯಸ್ಸಿನಲ್ಲಿ ಎಫ್‌ಎಸ್‌ಎಚ್ ಒಂದು ತಿಂಗಳು ಏರಿ ಇನ್ನೊಂದು ತಿಂಗಳು ಇಳಿಯುತ್ತದೆ. ಇಳಿದ ತಿಂಗಳಲ್ಲಿ ಅಂಡಾಣು ಬಿಡಬಹುದು. 50ರೊಳಗಿನವರು ಕೊನೆಯ ಮುಟ್ಟಿನಿಂದ ಎರಡು ವರ್ಷ, 50 ದಾಟಿದವರು ಒಂದು ವರ್ಷ ಜಾಗ್ರತೆ ಮಾಡಬೇಕು. ವಂಕಿ ಇದ್ದರೆ ಅಷ್ಟರವರೆಗೆ ತೆಗೆಸಬೇಡಿ. ಮೊದಲು ಕಾರ್ಡೊಂದು ತಂದು ಗರ್ಭ ಪರೀಕ್ಷೆ ಮಾಡಿ, ಐದು ತಿಂಗಳ ಮುಟ್ಟು ನಿಂತದ್ದಕ್ಕೆ ಅದೂ ಒಂದು ಕಾರಣವಾಗಿರಬಹುದು. ಪೂರ್ತಿ ಒಂದು ವರ್ಷ ನಿಂತು ಆಮೇಲೆ ಒಂದು ಹನಿ ರಕ್ತ ಕಂಡರೂ ‘ಮತ್ತೆ ಮುಟ್ಟಾದೆ’ ಎಂದು ಸುಮ್ಮನಿರದೆ ಆ ವಾರವೇ ಗರ್ಭಕೋಶದ ಒಳಪದರ ಪರೀಕ್ಷಿಸಿಕೊಳ್ಳಿ.